ಬಾಗಿಲು ತಟ್ಟಿದವಳ ಹೇಳಿಕೆ

ಮಾರ್ಚ್ 3, ಬೆಳಗ್ಗೆ

ಪತ್ತೇದಾರನ ಕೋಟಿನ ಅಂಚು ಮಡಚಿ ಹೊಲಿದು ಮುಗಿಸಿದೆ. ಮೊಣಕಾಲು ದಾಟಿ ನೇತಾಡುತ್ತಿತ್ತು. ಮೊಮ್ಮಗಳು ಬರೆದ ಸೀರಿಯಲ್ಲಿಗೆ. ಬಾಯಲ್ಲಿ ಸಿಗರೇಟು, ಮುಖದಲ್ಲಿ ನಗುವೇ ಇಲ್ಲದ ಒಬ್ಬ ಪತ್ತೇದಾರ. ಸತ್ತವರು ಎದ್ದು ಬಂದು ಅವನಿಗೆ ಸಾಕ್ಷಿ ಹೇಳುತ್ತಾರಂತೆ.

"ಕೊಂದವನು ಯಾರು ಅಂತ ದೆವ್ವಾನೇ ಹೇಳೋದಾದ್ರೆ ಇವನಿಗ್ಯಾಕೆ ಸಂಬಳ?" ಅಂದೆ.

"ಅಜ್ಜೀ, ದೆವ್ವಗಳು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡ್ತವೆ."

"ಹಾಗಾದ್ರೆ ನಿಮ್ಮ ತಾತ ಬದುಕಿದ್ದಾಗ್ಲೇ ದೆವ್ವ ಆಗಿದ್ರು ಬಿಡು."

ಮಗಳು ಅಡುಗೆಮನೆಯಿಂದ ಇಣುಕಿದಳು. ನಗಲಿಲ್ಲ.

ಮಾರ್ಚ್ 5

ಮೊಮ್ಮಗಳು ಓದಿ ತೋರಿಸಿದ ದೆವ್ವದ ಒಂದೇ ಸಾಲು ತಿದ್ದಿಕೊಟ್ಟೆ. ಸುಮ್ಮನೆ ಕಿರುಚಿಸಿದ್ದಳು. ಸತ್ತವಳಿಗೆ ಅಷ್ಟು ಗಂಟಲೆಲ್ಲಿಂದ ಬಂತು? ಮೆತ್ತಗೆ ಮಾತಾಡಲಿ ಅಂದೆ. ಪೂರ್ತಿ ಕಥೆ ಹೇಳೇ ಅಂದರೆ, ಟಿವಿಯಲ್ಲೇ ನೋಡು ಅಂದಳು. ಜಂಬ.

ಮಾರ್ಚ್ 19, ಮಧ್ಯಾಹ್ನ

ಈಗಷ್ಟೇ ಸೀರಿಯಲ್ಲು ಮುಗಿಯಿತು. ಅಕ್ಷರ ಸಾಲು ಬಿಟ್ಟು ಓಡುತ್ತಿವೆ.

ಮೂವರೂ ಕೂತು ನೋಡಿದೆವು. ಮಂಜು, ಮಬ್ಬು, ಮೆಟ್ಟಿಲ ಕೆಳಗೆ ಒಬ್ಬ ಹೆಂಗಸಿನ ಹೆಣ. ಪತ್ತೇದಾರ ಬಂದ. ಕೋಟು ಚೆನ್ನಾಗಿ ಕೂತಿತ್ತು — ಅಲ್ಲಿಯವರೆಗೂ ನನ್ನ ಕಣ್ಣು ಕೋಟಿನ ಮೇಲೇ.

"ಯಾರು ತಳ್ಳಿದ್ದು?"

"ಗಂಡ" ಅಂದಿತು ದೆವ್ವ.

"ಅದಕ್ಕೆ ಮುಂಚೆ ಎಲ್ಲಿಗೆ ಹೋಗಿದ್ದೆ?"

"ಅಕ್ಕನ ಮನೆಗೆ. ಒಳಗೆ ಹೊಲಿಗೆ ಮಿಷನ್ ಓಡ್ತಿತ್ತು. ಬಾಗಿಲು ತಟ್ಟಿದ ಕೂಡ್ಲೇ ನಿಂತೋಯ್ತು. ಬಾಗಿಲು ಮಾತ್ರ ತೆಗೀಲಿಲ್ಲ."

 ನಲವತ್ತೊಂದು ವರ್ಷ ಆಯಿತು! ಗಂಡನ ಹೊಡೆತ ತಾಳದೆ ನನ್ನ ತಂಗಿ ಓಡಿ ಬಂದು ಹಾಗೇ ತಟ್ಟಿದ್ದಳು. ಅವಳನ್ನು ಸೇರಿಸಿಕೊಂಡರೆ ನೀನೂ ಅವಳ ಹಿಂದೆಯೇ ಹೊರಡು ಅಂದಿದ್ದರು ನಮ್ಮ ಯಜಮಾನರು. ಮಿಷನ್ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂತೆ. ಮಾರನೇ ದಿನ, ಮೆಟ್ಟಿಲಿಂದ ಜಾರಿ ಬಿದ್ದು ಸತ್ತಳು ಅಂತ ಸುದ್ದಿ. ಅವಳು ಬಂದದ್ದನ್ನು ಕಂಡವರಿದ್ದರು. ನಾನು ಮನೆಯಲ್ಲಿರಲಿಲ್ಲ ಅಂದೆ. ಅಮ್ಮನಿಗೂ, ಪೊಲೀಸರಿಗೂ ಅದನ್ನೇ ಅಂದೆ. ಈ ಪುಸ್ತಕದಲ್ಲೂ ಇವತ್ತಿನವರೆಗೆ ನಿಜ ಬರೆದವಳಲ್ಲ.

ಮತ್ತೆ ಆ ದೆವ್ವಕ್ಕೆ ಹೇಳಿದ್ದು ಯಾರು?

ಅದೇ ದಿನ, ಸಂಜೆ

ಮೊಮ್ಮಗಳನ್ನು ಮೂಲೆಗೆ ಎಳೆದೆ. "ಆ ಮಿಷನ್ ವಿಷಯ ಎಲ್ಲಿ ಸಿಕ್ತು ನಿಂಗೆ?"

"ಅಮ್ಮ ಹೇಳಿದ್ದು. ಚಿಕ್ಕೋಳಿದ್ದಾಗ ಬಿದ್ದ ಕನಸಂತೆ. ಯಾಕಜ್ಜೀ, ಹಿಂಗೆ ಬೆವರ್ತಿದ್ದೀಯ?"

ಕನಸಂತೆ. ಆಗ ಮಗಳಿಗೆ ಐದು ವರ್ಷ. ಮಿಷನ್ ಪಕ್ಕದಲ್ಲೇ ಚಾಪೆಯ ಮೇಲಿದ್ದಳು. ನಿದ್ದೆ ಅಂದುಕೊಂಡಿದ್ದೆ... ಇಷ್ಟು ವರ್ಷ ನನ್ನ ಕೈಯಲ್ಲಿ ಉಂಡಳು. ಕಣ್ಣು ಆಪರೇಷನ್ ಆದಾಗ ನನ್ನ ತಲೆ ಬಾಚಿದಳು. ಬಾಯಿ ಬಿಡಲಿಲ್ಲ.

ಮಾರ್ಚ್ 22

ಮೂರು ದಿನದಿಂದ ಮಗಳ ಮುಖ ನೋಡಿಲ್ಲ. ಎದುರಾದರೆ ಕನ್ನಡಕ ಒರೆಸುತ್ತ ನಿಲ್ಲುತ್ತೇನೆ. ಬೀದಿಗೆಲ್ಲ ಉತ್ತರ ಕೊಡುವ ಬಾಯಿ ನನ್ನದು.

ಈಗ ರೂಮಿಗೆ ಬಂದಳು. ಮಂಚದ ಮೇಲೆ ಕೂತಳು.

"ಬರೀತಾನೇ ಇರಮ್ಮ. ನನ್ನ ಕಡೆ ನೋಡ್ಬೇಡ" ಅಂದಳು. ಆಮೇಲೆ, "ಚಿಕ್ಕಮ್ಮ ಎಷ್ಟು ಸಲ ತಟ್ಟಿದ್ರು? ನಾನು ಮೂರು ಎಣಿಸಿ ಕಿವಿ ಮುಚ್ಕೊಂಡೆ."

ಮೂರಲ್ಲ. ಆಮೇಲೂ ತಟ್ಟಿದಳು. ಅಕ್ಕಾ ಅಕ್ಕಾ ಅಂದಳು. ಕೊನೆಗೆ ನನ್ನನ್ನು ಬಿಟ್ಟು ಇವಳ ಹೆಸರು ಹಿಡಿದು ಕರೆದಳು, ನೀನಾದ್ರೂ ತೆಗಿಯೇ ಪುಟ್ಟೀ ಅಂತ. ಅದನ್ನು ಇವಳಿಗೆ ಹೇಗೆ —