ಗಾದಿಯ ಮೇಲಿನ ಇಲಿ

ರಬಕವಿ, ಊರಹೊರಗಿನ ಜೋಪಡಿಗಳು,
೧೨ ಜನವರಿ ೧೯೧೮

ಸೇವಾ ಸಂಘದ ಅಧ್ಯಕ್ಷರೂ, ನೂಲಿನ ಸಗಟು ವ್ಯಾಪಾರಿಗಳೂ, ನಿನ್ನೆಯವರೆಗೆ ನನ್ನ ತಂದೆಯೂ ಆಗಿದ್ದ ಶ್ರೀ ಪಾರಿಸಪ್ಪನವರ ಪಾದಗಳಿಗೆ, ಸಂಘದ ಸ್ವಯಂಸೇವಕ ಭೂಪಾಲನ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಆಜ್ಞಾಪತ್ರವನ್ನು ಆಳು ಸಾತಪ್ಪ ತಂದುಕೊಟ್ಟ. ಎದ್ದು ನಿಂತೇ ಓದಿದೆ. ನಾಳೆಯ ಸಭೆಯಲ್ಲಿ ನಾನು ಕ್ಷಮಾಪತ್ರ ಓದಬೇಕು, ಇಲಿ ಯಾರ ಮನೆಯದೆಂದು ಹೆಸರು ಹೇಳಬೇಕು, ಜೋಪಡಿಗೆ ಬಂದ ನೇಕಾರರನ್ನೆಲ್ಲ ಮಗ್ಗಕ್ಕೆ ವಾಪಸು ಕರೆತರಬೇಕು; ಇಲ್ಲವಾದರೆ ಮನೆಯ ಹೊಸ್ತಿಲು ತುಳಿಯಬಾರದು. ಈ ನಾಲ್ಕರಲ್ಲಿ ಕೊನೆಯದೊಂದನ್ನು ಪಾಲಿಸಬಲ್ಲೆ.

ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಹೋದ ವಾರ ತಮ್ಮ ಗಾದಿಯ ಮೇಲೆ, ತಕ್ಕಡಿಯ ಪಕ್ಕದಲ್ಲಿ, ಸತ್ತ ಇಲಿಯನ್ನು ಇಟ್ಟವನು ನಾನೇ. ಚಿಮಟದಲ್ಲಿ ಹಿಡಿದು, ನೂಲಿನ ಕಾಗದದಲ್ಲಿ ಸುತ್ತಿ, ಸಕಲ ಮರ್ಯಾದೆಯೊಂದಿಗೆ ತಂದೆ. ನಾನು ಕೊಂದದ್ದಲ್ಲ, ನೀರು ಸೋಸಿ ಕುಡಿಯುವ ನಮ್ಮ ಜೈನ ಮನೆತನಕ್ಕೆ ಜೀವಹಿಂಸೆಯ ಕಳಂಕ ಹತ್ತಿಲ್ಲ. ಅದು ಪ್ಲೇಗಿನಿಂದಲೇ ಸತ್ತಿತ್ತು.

ಇಲಿ ಬಿದ್ದದ್ದು ನೇಕಾರರ ಓಣಿಯ ಒಂದು ಮನೆಯಲ್ಲಿ. ಆ ಮನೆಯ ತಾಯಿ ಅದನ್ನು ಮಡಕೆಯಲ್ಲಿ ಮುಚ್ಚಿಟ್ಟು, ಸಂಘದ ಪರವಾಗಿ ಓಣಿ ನೋಡಲು ಹೋಗಿದ್ದ ನನ್ನ ಕೈ ಹಿಡಿದಳು. "ಯಪ್ಪಾ, ಯಾರ ಮುಂದೂ ಅನಬ್ಯಾಡೋ. ಪ್ಲೇಗಿನ ಮಂದಿ ಬಂದ ಹಂಚ ಕಿತ್ತ, ಮಗ್ಗದ ಕುಣಿಗೆ ಸುಣ್ಣದ ನೀರ ಸುರೀತಾರ. ಸೀರಿ ಸೆರಗೊಂದ ನೇಯೂದ ಉಳದೈತಿ, ಎರಡ ದಿನ ತಡಿ." ನೆಲದಲ್ಲಿ ಹೂತ ಮಗ್ಗವನ್ನು ಹೆಗಲ ಮೇಲೆ ಹೊತ್ತು ಜೋಪಡಿಗೆ ಒಯ್ಯಲಾಗದು. ಮಾತು ಕೊಟ್ಟೆ. ಎರಡು ದಿನ ಬಾಯಿ ಮುಚ್ಚಿಕೊಂಡೆ.

ಮೂರನೆಯ ದಿನ ಅದೇ ಓಣಿಯ ಕರೆಪ್ಪನಿಗೆ ಜ್ವರ ಏರಿ ತೊಡೆಸಂದಿಯಲ್ಲಿ ಗಡ್ಡೆ ಎದ್ದಿತು. ಆಗ ತಮ್ಮ ಬಳಿ ಓಡಿಬಂದು, ಊರು ಬಿಡಿಸೋಣ ಎಂದೆ. ತಾವು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಒಬ್ಬನ ಜ್ವರಕ್ಕ ಊರ ಬಿಡಸ್ತಿಯೇನಲೇ? ನೇಕಾರ ಓಣ್ಯಾಗ ಇಲಿ ಸಾಯೂದು ಹೊಸಾದೇನು? ಪುಣೇದ ಲಗ್ನದ ಸೀರಿ ಮುಗೀಲಿ, ಹದಿನೈದ ದಿನ ಬಿಟ್ಟ ನೋಡೂಣು."

ಮರುದಿನ ಬೆಳಿಗ್ಗೆ ಆ ಮಡಕೆಯ ಇಲಿಯೇ ತಮ್ಮ ದರ್ಶನಕ್ಕೆ ಬಂತು. ಹದಿನೈದು ದಿನ ಕಾಯಬೇಕಿದ್ದ ಊರು ಬಿಡುವ ಡಂಗುರವನ್ನು ಒಂದೇ ತಾಸಿನಲ್ಲಿ ಹೊಡೆಸಿದಿರಿ. ನಾಲ್ಕು ದಿನದ ಇಲಿ, ಮೂಗಿಗಾದರೂ ತಿಳಿಯಬೇಕಿತ್ತು. ಆದರೆ ತಾವು ಮೂಗನ್ನೂ ಅಲ್ಲೇ ಬಿಟ್ಟು ಓಡುತ್ತಿದ್ದಿರಿ. ತಕ್ಕಡಿಯನ್ನು ಮಡಿಲಲ್ಲಿಟ್ಟುಕೊಂಡು ಎತ್ತಿನ ಗಾಡಿಯಲ್ಲಿ ತಾವು ಇಲ್ಲಿಗೆ ಬಂದಾಗ ನಾನು ನಕ್ಕೆ. ಆ ನಗುವೇ ನನ್ನನ್ನು ಹಿಡಿದುಕೊಟ್ಟಿತು. "ಇದು ಪ್ಲೇಗಲ್ಲ, ಮಗನ ಚಾಷ್ಟಿ" ಎಂದು ನಿನ್ನೆ ಅವ್ವನನ್ನೂ ಕರೆದುಕೊಂಡು ಮನೆಗೆ ಮರಳಿದಿರಿ.

ಈಗ ಉತ್ತರ ಲಾಲಿಸಬೇಕು. ಹೆಸರು ಹೇಳುವುದಿಲ್ಲ. ಹೇಳಿದರೆ ತಾವು ಅವಳಿಗೆ ನೂಲು ನಿಲ್ಲಿಸುತ್ತೀರಿ. ಮುಂದೆ ಇಲಿ ಬಿದ್ದರೆ ಯಾವ ಮನೆಯೂ ನಮಗೆ ಬಾಗಿಲು ತೆರೆಯುವುದಿಲ್ಲ. ನೇಕಾರರನ್ನು ಕರೆತರುವುದಿಲ್ಲ. ಕರೆಯಲು ಬಂದವರ ದಾರಿಗೆ ಅಡ್ಡ ಮಲಗುತ್ತೇನೆ, ಅಧ್ಯಕ್ಷರು ದಾಟಿಕೊಂಡು ಹೋಗಲಿ. ಕ್ಷಮೆಯನ್ನೂ ತಮ್ಮಲ್ಲಿ ಕೇಳುವುದಿಲ್ಲ.

ಕ್ಷಮೆ ಕೇಳಬೇಕಾದ ತಪ್ಪು ಬೇರೆ ಇದೆ. ಒಂದು ಸೆರಗಿಗಾಗಿ ನಾನು ಕಾದ ಆ ಎರಡು ದಿನ. ಕರೆಪ್ಪ ಮೊನ್ನೆ ಜೋಪಡಿಯಲ್ಲಿ ತೀರಿಕೊಂಡ. ತಾವು ಅದನ್ನು ಬರೀ ಜ್ವರ ಎನ್ನುತ್ತೀರಿ. ಮುಂಚೆಯೇ ಕೂಗಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಇಲಿ ಬಿದ್ದ ಮನೆಯ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನ ಹೆಂಡತಿ ತಾರವ್ವನ ಮುಂದೆ ಹೇಳಿದೆ. ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಖಾಲಿ ಕೊಡವನ್ನು ನನ್ನ ಕೈಗಿಟ್ಟು "ನೀರ ತಾ" ಎಂದಳು. ಆಗಿನಿಂದ ಹೊಳೆಯಿಂದ ಅವಳ ನೀರು ನಾನೇ ಹೊರುತ್ತಿದ್ದೇನೆ. ಇದರಲ್ಲಿ ನಗುವಂಥದ್ದು ನನಗೂ ಏನೂ ಸಿಕ್ಕಿಲ್ಲ.

ಸಭೆ ಧಾರಾಳವಾಗಿ ನಡೆಯಲಿ. ಸಂಘದಿಂದ ನನ್ನ ಹೆಸರು ಹೊಡೆದುಹಾಕಿ. ಕೊಡ ಹೊರಲು ಸದಸ್ಯತ್ವ ಬೇಕಿಲ್ಲ.

ತಮ್ಮ ಹೊಸ್ತಿಲಿಗೆ ಎರವಾದ, ಆಜ್ಞೆಗೆ ತಲೆಬಾಗದ,
ಭೂಪಾಲ

ತಾ.ಕ.: ಕಾಗದ ಮಡಿಸುವಾಗ ಸಾತಪ್ಪ ನಗುತ್ತ ಹೇಳಿದ: "ಸಣ್ಣ ಧಣೀ, ಸಾಕ ಮಾಡ್ರಿ ನಿಮ್ಮ ಚಾಷ್ಟಿ. ಇವತ್ತ ಮುಂಜಾನೆ ನೂಲಿನ ಕೋಣ್ಯಾಗ ಇನ್ನೊಂದ ಇಲಿ ಇಟ್ಟಿದ್ರಲ್ಲ, ಮೈ ಇನ್ನೂ ಬೆಚ್ಚಗಿತ್ತು. ಅಪ್ಪಾರಿಗೆ ತಿಳೀಬಾರದಂತ ಒಯ್ದ ಸುಟ್ಟ ಬಂದೇನಿ." ಅಪ್ಪಾ, ನಾನು ಇಟ್ಟದ್ದು ಒಂದೇ. ಗಾದಿ, ತಕ್ಕಡಿ, ಸೀರೆ ಎಲ್ಲ ಅಲ್ಲೇ ಇರಲಿ. ಅವ್ವನನ್ನು ಕರೆದುಕೊಂಡು ಈಗಲೇ ಹೊರಡಿ. ಜಗಳವನ್ನು ಇಲ್ಲಿಯೇ ಮುಂದುವರಿಸೋಣ. ತಾರವ್ವ ಪಕ್ಕದ ಜೋಪಡಿ ಗುಡಿಸುತ್ತಿದ್ದಾಳೆ. ನಾನು ನೀರು ಸೋಸಿ ಇಡುತ್ತೇನೆ.