ಹಳ್ಳದ ತಿರುವಿನ ಸುಣ್ಣವಿಲ್ಲದ ಕಲ್ಲುಗಳು

ಮಾನ್ಯ ರಸ್ತೆ ಅಧಿಕಾರಿಗಳೇ,

ಈ ಕಾರ್ತಿಕದಲ್ಲಿ ನಮ್ಮ ಮನೆಯವರು ಸೈಕಲ್ ತುಳಿದುಕೊಂಡು ರೋಣದಿಂದ ಮಂತ್ರಾಲಯಕ್ಕೆ ಹೊರಟಿದ್ದೇವೆ, ಹೊಸ ಸೊಸೆಯಾದ ನನಗೂ ಒಂದು ಸೈಕಲ್ ಸಿಕ್ಕಿದೆ. ಇದನ್ನು ಮೊದಲು ಹೇಳಿಬಿಡದಿದ್ದರೆ ನನಗೆ ಸಮಾಧಾನವಿಲ್ಲ. ಇನ್ನು ತಕರಾರು. ಲಕ್ಕಲಕಟ್ಟಿಯ ಹತ್ತಿರ ಗಜೇಂದ್ರಗಡದ ರಸ್ತೆ ಹಳ್ಳದ ದಂಡೆಗೆ ಬಂದು ಹೊರಳುವಲ್ಲಿ, ತಮ್ಮ ಖಾತೆಯ ಅಂಚುಗಲ್ಲುಗಳು ಮೂರು ವರ್ಷದಿಂದ ಸುಣ್ಣ ಕಂಡಿಲ್ಲ. ಆ ಸುಣ್ಣ ಇಲ್ಲದ್ದಕ್ಕೆ ನನ್ನ ಗಂಡನ ಅಣ್ಣ ವೆಂಕಟೇಶ ತೀರಿಕೊಂಡರು. ನಾನು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ.

ನಾನು ಬೆಳಗಾವಿಯಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕನ್ನಡದಲ್ಲಿ ದೂರು ಬರೆಯುತ್ತಿರುವುದು ಇದೇ ಮೊದಲು. ಮಾತು ಹೆಚ್ಚಾದರೆ ಕ್ಷಮಿಸಿ. ಮದುವೆಯಾದ ಸಂತೋಷದಲ್ಲಿ ನನಗೆ ಎಲ್ಲವನ್ನೂ ಎಲ್ಲರಿಗೂ ಹೇಳಬೇಕೆನಿಸುತ್ತದೆ. ನನ್ನ ಮಾವ ಜಯತೀರ್ಥ ಮಾಸ್ತರರು ಸೊಸೆಗೆ ಸೈಕಲ್ ಬರುತ್ತದೆಂದು ಕೇಳಿಯೇ ಸಂಬಂಧಕ್ಕೆ ಒಪ್ಪಿದರಂತೆ. ಅತ್ತೆ ಅನಸೂಯಾಬಾಯಿಯವರು ನನಗೆ ಕಚ್ಚೆ ಸೀರೆ ಉಡಿಸುತ್ತ, "ಸೊಸಿ ಬಂದ್ರ ನೀರು ಸೇದತಾಳ ಅಂತ ಕೂತಿದ್ದೆ. ಇಕಿ ಬಂದು ಗಾಲಿಗೆ ಗಾಳಿ ಹೊಡ್ಯಾಕತ್ಯಾಳ" ಎಂದು ನಕ್ಕರು.

ದಿನಾ ಬೆಳಿಗ್ಗೆ ಮಾವ, ನನ್ನ ಗಂಡ ಶ್ರೀಧರ, ನಾನು ನರಗುಂದದ ಗುಡ್ಡ ಕಾಣುವ ತನಕ ತುಳಿದು ಹಿಂದಿರುಗುತ್ತಿದ್ದೆವು. ಭೂಗೋಳದಲ್ಲಿ ನಾನು ದಡ್ಡಿಯಲ್ಲ. ಮಂತ್ರಾಲಯವಿರುವುದು ಪೂರ್ವಕ್ಕೆ, ನಮ್ಮ ತಾಲೀಮು ಪಶ್ಚಿಮಕ್ಕೆ. ಒಂದು ದಿನ ಊಟಕ್ಕೆ ಕೂತಾಗ, "ಗಜೇಂದ್ರಗಡದ ಕಡೆ ಯಾಕ ಹೋಗೂದಿಲ್ಲ?" ಎಂದು ಕೇಳಿಬಿಟ್ಟೆ. ಅತ್ತೆ ಬಡಿಸುವುದನ್ನು ಬಿಟ್ಟು ಒಳಗೆ ಹೋದರು. ಆಗ ಮಾವ ತಲೆ ತಗ್ಗಿಸಿಯೇ ಹೇಳಿದರು: "ನೀ ಹತ್ತೋ ಸೈಕಲ್ ನಮ್ಮ ವೆಂಕಟೇಶಂದವಾ. ಅದರ ಬೆಲ್ ನಾನ ಬಿಚ್ಚಿಟ್ಟೇನಿ. ನಿಮ್ಮತ್ತಿಗೆ ಆ ಸಪ್ಪಳ ತಡಕೊಳ್ಳಾಕ ಆಗೂದಿಲ್ಲ."

ಎರಡು ವರ್ಷದ ಹಿಂದೆ ಶೀಗಿ ಹುಣ್ಣಿಮೆಯ ಸಂಜೆ ತಂದೆ ಮಕ್ಕಳು ಇದೇ ಯಾತ್ರೆಯ ತಾಲೀಮು ಮುಗಿಸಿ ಗಜೇಂದ್ರಗಡದಿಂದ ಬರುತ್ತಿದ್ದರು. ಭಾವ ಮುಂದಿದ್ದರು. ಮೋಡದ ಮಬ್ಬು, ಕೆಳಗೆ ಕರಿ ಎರೆ ಭೂಮಿ. ಆ ಹೊತ್ತಿನಲ್ಲಿ ಸೈಕಲ್ಲಿನವರಿಗೆ ರಸ್ತೆ ಕಾಣುವುದಿಲ್ಲ, ಅದರ ಅಂಚಿನ ಬಿಳಿ ಕಲ್ಲು ಕಾಣುತ್ತದೆ. ಆ ಕಲ್ಲು ಹಿಡಿದೇ ತಿರುಗುವುದು ಇಲ್ಲಿಯವರ ರೂಢಿ. ಆ ವರ್ಷ ತಮ್ಮ ಕಲ್ಲುಗಳು ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಆದರೆ ತಿರುವಿನ ಆಚೆ ಗುರುಸಂಗಪ್ಪನವರ ಹೊಲದಲ್ಲಿ ಅವರ ಹೆಂಡತಿ ಕಳಕವ್ವ ಅವತ್ತು ಹಬ್ಬದ ಪದ್ಧತಿಯಂತೆ ಐದು ಕಲ್ಲು ನಿಲ್ಲಿಸಿ, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಿದ್ದಳು. ಭಾವ ಆ ಪಾಂಡವರ ಸಾಲನ್ನೇ ರಸ್ತೆಯ ಅಂಚೆಂದು ಹಿಡಿದರು. "ಬೆಲ್ ಹೊಡಕೋತ ಹೊಂಟಿದ್ದ," ಎಂದರು ಮಾವ. "ಸಪ್ಪಳ ತಿರುವಿಗೆ ಹೊರಳಲಿಲ್ಲ. ಹೊಲದಾಗ ಹೋತು. ಆಮ್ಯಾಲೆ ಹಳ್ಳದಾಗಿಂದ ಒಮ್ಮೆ ಕೇಳಿತು."

ತಾವು ಏನು ಮಾಡಿದಿರಿ? ಹಳೆಯ ರಾಜ್ಯದ ಸುಣ್ಣದ ಮಂಜೂರಾತಿ ಮುಗಿದಿದೆ, ಹೊಸ ರಾಜ್ಯದ್ದು ಇನ್ನೂ ಬರಬೇಕು ಎಂದು ಮಾವನಿಗೆ ಉತ್ತರ ಕೊಟ್ಟಿರಿ. ಏಕೀಕರಣವಾಗಿದ್ದು ನಮಗೂ ಹೆಮ್ಮೆಯೇ. ಆದರೆ ಎರಡು ರಾಜ್ಯಗಳ ನಡುವೆ ಹಳ್ಳ ಒಣಗಿ ನಮಗಾಗಿ ಕಾಯುತ್ತದೆಯೇ? ಮಾವ ತಾವೇ ಸುಣ್ಣ ಕಲಸಿಕೊಂಡು ಹೋದಾಗ, ಸರ್ಕಾರಿ ಕಲ್ಲು ಮುಟ್ಟುವುದು ಅಪರಾಧವೆಂದು ತಮ್ಮ ಜನ ಅವರನ್ನು ತಿರುಗಿ ಕಳಿಸಿದರು. ಎಂಥ ಮಡಿ, ಮಾನ್ಯರೇ. ನಮ್ಮ ಅಡುಗೆಮನೆಯಲ್ಲೂ ಇಷ್ಟಿಲ್ಲ.

ಕಳೆದ ವಾರ ನಾನು ಹಟ ಮಾಡಿ ಶ್ರೀಧರರೊಂದಿಗೆ ಆ ತಿರುವಿಗೆ ಹೋದೆ. ಕಳಕವ್ವ ಹೊಲದಲ್ಲಿದ್ದಳು. ನನ್ನನ್ನು ನೋಡಲಿಲ್ಲ, ಸೈಕಲ್ ನೋಡಿದಳು.

"ರೋಡಿನ ಸಾಹೇಬ್ರು ಜೀಪಿನ್ಯಾಗಿಂದ ಇಳೀಲೇ ಇಲ್ಲವ್ವಾ," ಎಂದಳು. "'ನಿನ್ನ ಕಲ್ಲಿನಿಂದ ಜೀವಾ ಹೋಗೇತಿ, ಇನ್ನ ಮ್ಯಾಲೆ ಸುಣ್ಣಾ ಹಚ್ಚಿದ್ರ ಕೇಸ್ ಹಾಕ್ತೀನಿ' ಅಂದ್ರು. ಹ್ವಾದ ವರ್ಷ ಪಾಂಡವರನ್ನ ಹಂಗ ಬೋಳು ಇಟ್ವಿ. ನಾನ ಕೊಂದೆ ಅಂತ ನೀವೂ ಅನ್ನಾಕ ಬಂದ್ರೇನ?"

ನಾನು ಸೈಕಲ್ಲನ್ನು ಬದುವಿಗೆ ಮಲಗಿಸಿ ಆಕೆಯ ಕೈ ಹಿಡಿದುಕೊಂಡೆ. ಹೊತ್ತು ಮುಳುಗುವಾಗ ಅಲ್ಲಿಂದ ಹೊರಟೆವು. ತಿರುವು ಬಂದಾಗ ನಾನು ಹ್ಯಾಂಡಲ್ ರಸ್ತೆಯ ಕಡೆಗೇ ಹಿಡಿದಿದ್ದೆ, ಮುಂದಿನ ಗಾಲಿ ಹೊಲದ ಕಡೆಗೆ ಎಳೆಯಿತು. ಶ್ರೀಧರ ತಮ್ಮ ಸೈಕಲ್ ಬಿಟ್ಟು ಓಡಿ ಬಂದು ಹಿಡಿದುಕೊಂಡರು. ನಾನು ಅಂಜಿದ್ದೆ, ನನಗೇ ಹಿಡಿತ ತಪ್ಪಿರಬಹುದು. ಆದರೆ ಎದುರಿಗೆ ಬಿಳಿ ಕಲ್ಲು ಒಂದೂ ಇರಲಿಲ್ಲ, ತಮ್ಮವೂ ಇಲ್ಲ, ದೇವರವೂ ಇಲ್ಲ. ಬೆಲ್ ಬಿಚ್ಚಿಟ್ಟ ಆ ಸೈಕಲ್ಲಿನ ಬೆಲ್ ಸಪ್ಪಳ ಹಳ್ಳದಲ್ಲಿ ನನಗೂ ಕೇಳಿಸಿತು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. "ಆಕಿ ಹಬ್ಬಾ ಮಾಡ್ಯಾಳ. ಆಕಿದೇನು ತಪ್ಪು?" ಎಂದರು. ಆಮೇಲೆ, "ಆದ್ರ ಆ ಸರ್ಕಾರದ ಕಲ್ಲು ಬೆಳ್ಳಗಾಗೋ ತನಕ ಈ ಮನಿಯಿಂದ ಯಾರೂ ಆ ಹಾದಿ ಹಿಡಿಯೂದಿಲ್ಲ. ರಾಯರು ಬೇಕಾದ್ರ ಕಾಯ್ಲಿ" ಎಂದರು.

ಆದ್ದರಿಂದ ನಮ್ಮ ಯಾತ್ರೆ ತಮ್ಮ ಕೈಯಲ್ಲಿದೆ. ರಸ್ತೆಯ ಕಲ್ಲಿಗೆ ಸುಣ್ಣ ಹಚ್ಚುವುದು ತಮ್ಮ ಕೆಲಸ, ದೇವರ ಕಲ್ಲಿಗೆ ಹಚ್ಚುವುದು ಕಳಕವ್ವನ ಕೆಲಸ. ಆಕೆ ತನ್ನ ಕೆಲಸ ಮಾಡಿದಳು. ತಾವು ತಮ್ಮದನ್ನು ಬಿಟ್ಟು, ಆಕೆಯದನ್ನೂ ಬಿಡಿಸಿದಿರಿ. ಇದಕ್ಕೆ ಯಾವ ರಾಜ್ಯದ ಮಂಜೂರಾತಿ ಇತ್ತು? ಬರುವ ಶೀಗಿ ಹುಣ್ಣಿಮೆಯೊಳಗೆ ಆ ತಿರುವಿನ ಪ್ರತಿ ಅಂಚುಗಲ್ಲಿಗೂ ಸುಣ್ಣ ಬೀಳಬೇಕು. ಕಳಕವ್ವನ ಮೇಲಿನ ಬೆದರಿಕೆಯನ್ನು, ಜೀಪಿನಿಂದ ಇಳಿದು, ಆಕೆಯ ಹೊಲದಲ್ಲಿ ನಿಂತು, ಬಾಯಿಬಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ತಾವು ಅಷ್ಟು ದೂರ ಬರಲಾರಿರೆಂದಾದರೆ ಧಾರವಾಡದ ತಮ್ಮ ಕಚೇರಿಗೆ ನಾವೇ ಬರುತ್ತೇವೆ. ಮಗನನ್ನು ಕಳೆದುಕೊಂಡ ಅತ್ತೆಯೂ, ಕೊಂದವಳೆನಿಸಿಕೊಂಡ ಕಳಕವ್ವನೂ ರೈಲಿನ ಒಂದೇ ಬೆಂಚಿನ ಮೇಲೆ ಕೂತು ಬರುತ್ತಾರೆ, ನಡುವೆ ನಾನು. ತಪ್ಪು ಯಾವ ಕಲ್ಲಿನದೆಂದು ಆ ಇಬ್ಬರ ಮುಖ ನೋಡಿ ಹೇಳಿರಿ.

ಇಂತಿ,
ಮದುವೆಯ ಅರಿಷಿಣ ಆರುವ ಮೊದಲೇ ತಮ್ಮಂಥವರಿಗೆ ಪತ್ರ ಬರೆಯುವುದನ್ನು ಕಲಿತ,
ಶಾರದಾಬಾಯಿ, ರೋಣ

ತಾ.ಕ. ತಾವು ಬರಲಾರಿರೆಂದೇ ತಿಳಿದು, ಬರುವ ಸೋಮವಾರ ಮಲ್ಲಾಪುರ ಸ್ಟೇಷನ್ನಿನಲ್ಲಿ ಬೆಳಗಿನ ಗಾಡಿ ಹತ್ತಿ, ಗದಗಿನಲ್ಲಿ ಬದಲಿಸಿ, ಹುಬ್ಬಳ್ಳಿಯ ಮೇಲಿಂದ ಬರುವ ಮಧ್ಯಾಹ್ನದ ಪ್ಯಾಸೆಂಜರಿನಲ್ಲಿ ಬಂದು ಧಾರವಾಡದಲ್ಲಿ ಇಳಿಯುತ್ತೇವೆ.