ಜಿಂಕೆ ಮೇಯುವ ಹೊಲ

ಭಾನುವಾರ, ಫೆಬ್ರವರಿ 9

ಇವತ್ತಿನದೂ ಸೇರಿ ನಾಲ್ಕು ಹೊಲ ನೋಡಿದ್ದಾಯಿತು. ರಜೆಯಲ್ಲಿ ಮನೆಯವರೆಲ್ಲ ಹೋಗಿ ಜಿಂಕೆ ನೋಡಲು ಕೆ.ಜಿ.ಎಫ್ ಕಡೆ ಒಂದು ಹೊಲ ಲೀಸಿಗೆ ಹಿಡಿಯೋಣ ಎಂದರೆ, ಮಾವ ಯಾವುದನ್ನೂ ಒಪ್ಪುತ್ತಿರಲಿಲ್ಲ. ನನ್ನ ಗಂಡ ಮಧುಕರ್‌ಗೆ ರೇಗಿಹೋಗಿತ್ತು.

ಇವತ್ತು ಹೊಲದವನು ಬೋರ್‌ವೆಲ್ ತೋರಿಸುತ್ತಿದ್ದರೆ, ಮಾವ ಒಂದು ಹಿಡಿ ಮಣ್ಣು ತೆಗೆದು ಗಾಳಿಗೆ ಬಿಟ್ಟರು. ಧೂಳು, ಜಿಂಕೆಗಳು ಬರುವ ಪೊದೆಗಳ ಕಡೆಯಿಂದ ನಮ್ಮತ್ತಲೇ ಬಂತು.

"ಇಲ್ಲೇ ಕಣಮ್ಮ ಬೃಂದಾ. ನಮ್ ವಾಸ್ನೆ ಅವಕ್ಕೆ ಹೋಗಲ್ಲ."

ಚಿಕ್ಕಂದಿನಲ್ಲಿ ತಮ್ಮ ಅಪ್ಪನ ಜೊತೆ ಬೇಟೆಗೆ ಹೋಗುವಾಗ ಕಲಿತದ್ದಂತೆ.

"ನಮ್ಮಪ್ಪ ನನ್ ತಲೆ ಬಗ್ಗಿಸಿ ಹಿಡ್ಕೊಂಡಿರೋರು. ಜಿಂಕೆ ಬಿದ್ಮೇಲೇ ನಾನ್ ನೋಡ್ತಿದ್ದಿದ್ದು. ಮೇಯೋದ್ನ ಒಂದ್ಸಲಾನೂ ನೋಡಿಲ್ಲ."

ಮಧುಕರ್ ಹೋಗಿ ಹೊಲದವನಿಗೆ ಅಡ್ವಾನ್ಸ್ ಕೊಟ್ಟುಬಂದ.

ಹಲಸೂರಿನ ಮನೆಗೆ ಬಂದು ಕಾರಿನಿಂದ ಇಳಿಯುವಾಗ ಮಾವ ತಡವರಿಸುತ್ತಾ, "ಗಾಳಿ ತಿರುಗಿದ್ರೆ ಕಷ್ಟ. ಅಲ್ಲಿಗೆ ಬರೋವಾಗ ಮಲ್ಲಿಗೆ ಮುಡ್ಕೋಬೇಡಮ್ಮ," ಎಂದರು.

ನಾನು ಮದುವೆಯಾಗಿ ಬಂದಾಗಿನಿಂದ ದಿನಾ ಸಂಜೆ ನನಗೆ ಮಾರ್ಕೆಟ್ಟಿನಿಂದ ಒಂದು ಮೊಳ ಮಲ್ಲಿಗೆ ತರುವವರು ಅವರೇ. ಹೂಂ ಅಂದೆ. ಅಷ್ಟು ಹೇಳಿದವರು ಮನೆಯೊಳಕ್ಕೂ ಬರದೆ, ಹಾಗೇ ಮಾರ್ಕೆಟ್ಟಿನ ಕಡೆ ನಡೆದರು. ಇವತ್ತು ಎರಡು ಮೊಳ ತಂದಿದ್ದಾರೆ.